ಇಂಚು ಸರಿಯಿದ್ದರೆ ಸಾಲದು: ವಿದ್ಯುತ್ ಮಿನಿ ಟ್ರಕ್‌ಗೆ ಕಾರಿನ ಟೈರ್ ಹಾಕಿಸಬೇಡಿ

ಪೀಣ್ಯ ಕಡೆ ಸರಕು ಹೊಡೆಯುವ ಒಂದು ವಿದ್ಯುತ್ ಮಿನಿ ಟ್ರಕ್‌ನ ಹಿಂದಿನ ಎರಡೂ ಟೈರ್ ಬದಲಾಯಿಸಲಾಯಿತು. ಮೊದಲು ಇದ್ದದ್ದು 145 ಆರ್ 12 ಎಲ್‌ಟಿ 8 ಪಿಆರ್. ಎಲ್‌ಟಿ ಅಂದರೆ ಲೈಟ್ ಟ್ರಕ್, ಸಣ್ಣ ಸರಕು ಗಾಡಿಯ ಟೈರ್; ಪಿಆರ್ ಅಂದರೆ ಪ್ಲೈ ರೇಟಿಂಗ್, ಟೈರಿನ ಗಟ್ಟಿತನದ ಅಳತೆ. ಅಂಗಡಿಯಲ್ಲಿ ಹಾಕಿದ್ದು 145/80 ಆರ್ 12, ಅಂದರೆ ಸಣ್ಣ ಕಾರಿನ ಟೈರ್. ರಿಮ್‌ಗೆ ಸಲೀಸಾಗಿ ಕೂತಿತು, ಎತ್ತರದಲ್ಲಿ ಅರ್ಧ ಸೆಂಟಿಮೀಟರಿನಷ್ಟು ವ್ಯತ್ಯಾಸ, ಬೆಲೆಯೂ ಕಡಿಮೆ. ಕೆಲವು ದಿನಗಳಲ್ಲೇ ರೇಂಜ್, ಅಂದರೆ ಒಂದು ಚಾರ್ಜಿಗೆ ಓಡುವ ದೂರ, ಇಳಿಯಿತು. ಬ್ಯಾಟರಿ ಕೈಕೊಟ್ಟಿತೆಂದು ಸರ್ವಿಸ್ ಸೆಂಟರಿಗೆ ಅಲೆದದ್ದಾಯಿತು, ಅಲ್ಲಿ ಬ್ಯಾಟರಿ ಸರಿಯಾಗಿದೆ ಎಂದರು. ಆಮೇಲೆ ಎಡಗಡೆ ಟೈರಿನ ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ಉಬ್ಬು ಬಂತು. ಕೊನೆಗೆ ತುಮಕೂರು ರಸ್ತೆಯಲ್ಲಿ ಲೋಡ್ ಇರುವಾಗಲೇ ಅದು ಸಿಡಿಯಿತು. ಪಕ್ಕದಲ್ಲಿ ಬೈಕಿನವರು ಯಾರೂ ಇರಲಿಲ್ಲ, ಅಷ್ಟೇ ಪುಣ್ಯ.

ಇದು ರಸ್ತೆ ಗುಂಡಿಯ ತಪ್ಪಲ್ಲ, ಟೈರ್ ಕಂಪನಿಯ ತಪ್ಪೂ ಅಲ್ಲ. ಲೆಕ್ಕ ನೋಡಿ. ಆ ಅಳತೆಯ ಎಲ್‌ಟಿ ಟೈರಿನ ಮೇಲೆ ಸಾಮಾನ್ಯವಾಗಿ 86/84 ಎಂಬ ತೂಕದ ಸಂಖ್ಯೆ ಇರುತ್ತದೆ. 86 ಅಂದರೆ ಒಂದು ಟೈರ್ 530 ಕೆ.ಜಿ. ಹೊರಬಲ್ಲದು. 84 ಅಂದರೆ 500 ಕೆ.ಜಿ., ಅದು ಒಂದೇ ಕಡೆ ಎರಡೆರಡು ಟೈರ್ ಜೋಡಿಸಿದಾಗಿನ ಲೆಕ್ಕ. 145/80 ಆರ್ 12 ಕಾರಿನ ಟೈರಿನ ಮೇಲಿರುವುದು 74, ಅಂದರೆ 375 ಕೆ.ಜಿ. ಲೋಡ್ ಆದ ಗಾಡಿಯ ಹಿಂದಿನ ಆಕ್ಸಲ್ ಮೇಲೆ 1,000 ಕೆ.ಜಿ. ಬಿದ್ದರೆ ಎಲ್‌ಟಿ ಜೋಡಿ 1,060 ಕೆ.ಜಿ.ವರೆಗೆ ತಡೆಯುತ್ತದೆ, ಕಾರಿನ ಜೋಡಿಯ ಮಿತಿ 750ಕ್ಕೇ ಮುಗಿಯಿತು. ವಿದ್ಯುತ್ ಗಾಡಿಯಲ್ಲಿ ಬ್ಯಾಟರಿಯ ತೂಕ ಖಾಲಿ ಓಡುವಾಗಲೂ ಇದ್ದೇ ಇರುತ್ತದೆ, ಹಾಗಾಗಿ ಟೈರಿಗೆ ಬಿಡುವು ಸಿಗುವುದೇ ಇಲ್ಲ.

ಗಾಳಿಯ ವಿಷಯದಲ್ಲಿ ಇನ್ನೂ ದೊಡ್ಡ ಅಪಾಯವಿದೆ. ಎಲ್‌ಟಿ 8 ಪಿಆರ್ ಟೈರ್ ಆ 530 ಕೆ.ಜಿ. ಹೊರುವುದು ಸುಮಾರು 65 ಪಿಎಸ್‌ಐ ಗಾಳಿಯಲ್ಲಿ. ಕಾರಿನ ಟೈರ್ ತನ್ನ 375 ಕೆ.ಜಿ. ಹೊರುವುದು 36ರ ಆಸುಪಾಸಿನಲ್ಲಿ. ಗಾಡಿಯ ಸ್ಟಿಕ್ಕರ್ ನೋಡಿಕೊಂಡು ಕಾರಿನ ಟೈರಿಗೆ 60 ಹೊಡೆಸಿದರೆ ಅದರ ಮಿತಿ ಮೀರುತ್ತದೆ. ಕಾರಿನಂತೆ 33 ಇಟ್ಟರೆ ಲೋಡ್ ಬಿದ್ದಾಗ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿ ಬಿಸಿಯಾಗುತ್ತದೆ. ಆ ಬಿಸಿಗೆ ಹೋಗುವುದು ಬ್ಯಾಟರಿಯ ಕರೆಂಟೇ, ರೇಂಜ್ ಇಳಿದದ್ದು ಅದಕ್ಕೆ. ಒಳಗಿನ ದಾರಗಳು ಕಡಿದಾಗ ಹೊರಗೆ ಉಬ್ಬು ಕಾಣಿಸುತ್ತದೆ. ಉಬ್ಬು ಕಂಡ ಟೈರಿಗೆ ರಿಪೇರಿ ಇಲ್ಲ, ಗಾಡಿ ಅಲ್ಲೇ ನಿಲ್ಲಿಸಿ ಸ್ಟೆಪ್ನಿ ಹಾಕಿ.

ಅಂಗಡಿಯಲ್ಲಿ ಒಂದು ಮಾತು ಹೇಳುತ್ತಾರೆ: "ಇದು 180 ಸ್ಪೀಡಿನ ಟೈರು, ನಿಮ್ದು ಬರೀ 140ರದ್ದು, ಇದೇ ಗಟ್ಟಿ." ನಂಬಬೇಡಿ. ತೂಕದ ಸಂಖ್ಯೆಯ ಪಕ್ಕದಲ್ಲಿರುವ ಅಕ್ಷರ ಎಸ್ ಎಂದರೆ ಗಂಟೆಗೆ 180, ಎನ್ ಎಂದರೆ 140 ಕಿ.ಮೀ. ವೇಗ ನಿಜ, ಆದರೆ ಆ ಅಕ್ಷರಕ್ಕೂ ತೂಕ ಹೊರುವ ಶಕ್ತಿಗೂ ಸಂಬಂಧವಿಲ್ಲ.

ಹಾಗಾದರೆ ಗುರುತಿಸುವುದು ಹೇಗೆ? ಮೊದಲು ಗಾಡಿಯ ಸ್ಟಿಕ್ಕರ್ ಅಥವಾ ಕೈಪಿಡಿಯಲ್ಲಿರುವ ಪೂರ್ತಿ ಸಂಖ್ಯೆಯ ಫೋಟೋ ತೆಗೆದುಕೊಳ್ಳಿ. ಹಳೇ ಟೈರ್ ನೋಡಿ ತೀರ್ಮಾನಿಸಬೇಡಿ, ಹಿಂದಿನವರೇ ತಪ್ಪು ಹಾಕಿಸಿರಬಹುದು. ಎಲ್‌ಟಿ, 8 ಪಿಆರ್, ತೂಕದ ಸಂಖ್ಯೆ ಮೂರೂ ಹೊಂದಬೇಕು. ತೂಕದ ಸಂಖ್ಯೆ ಹೆಚ್ಚಿದ್ದರೆ ಪರವಾಗಿಲ್ಲ, ಕಡಿಮೆ ಖಂಡಿತ ಬೇಡ. ಬಹಳ ಜನ ಗಮನಿಸದ ಇನ್ನೊಂದು ಗುರುತು ಟೈರಿನ ಮೇಲಿನ ಐಎಸ್‌ಐ ಮುದ್ರೆಯ ಜೊತೆಗಿರುವ ಐಎಸ್ ಸಂಖ್ಯೆ. 15633 ಇದ್ದರೆ ಕಾರಿನದು, 15636 ಇದ್ದರೆ ಸರಕು ಮತ್ತಿತರ ವಾಣಿಜ್ಯ ವಾಹನದ್ದು, 15627 ದ್ವಿಚಕ್ರ ಮತ್ತು ತ್ರಿಚಕ್ರದ್ದು. ಅಂಗಡಿಯವರ ಮಾತಿಗಿಂತ ಈ ಐದಂಕಿಯೇ ಹೆಚ್ಚು ನಂಬಿಕೆಗೆ ಅರ್ಹ. ತಯಾರಿಕೆಯ ನಾಲ್ಕಂಕಿಯನ್ನೂ ಓದಿ: 1224 ಎಂದರೆ 2024ರ ಹನ್ನೆರಡನೇ ವಾರ.

ಎಲ್‌ಟಿ ಟೈರಿನಲ್ಲೂ ಆಯ್ಕೆ ಇದೆ. ಕಚ್ಚಾ ರಸ್ತೆಗಾಗಿ ಮಾಡಿದ ದಪ್ಪ ಬಟನ್ನಿನದು ನಗರದಲ್ಲಿ ರೇಂಜ್ ತಿನ್ನುತ್ತದೆ, ನೇರ ಗೆರೆಗಳ ರೇಡಿಯಲ್ ಸಾಕು. ಒಳಗಿನ ದಾರಗಳು ಓರೆಯಾಗಿರುವ ನೈಲಾನ್ ಟೈರನ್ನು, ದಾರಗಳು ಅಡ್ಡಲಾಗಿರುವ ರೇಡಿಯಲ್ ಜೊತೆ ಒಂದೇ ಆಕ್ಸಲ್‌ಗೆ ಹಾಕಲೇಬೇಡಿ. ಮೋಟಾರು ನಿಂತಲ್ಲಿಂದಲೇ ಪೂರ್ತಿ ಎಳೆತ ಕೊಡುತ್ತದೆ, ಪೆಡಲ್ ಬಿಟ್ಟಾಗ ರೀಜೆನ್, ಅಂದರೆ ಮೋಟಾರೇ ಬ್ರೇಕ್ ಹಿಡಿದು ಬ್ಯಾಟರಿ ಚಾರ್ಜ್ ಮಾಡುವ ವ್ಯವಸ್ಥೆ, ಅದೇ ಚಕ್ರಗಳನ್ನು ಹಿಡಿಯುತ್ತದೆ. ಹೀಗಾಗಿ ಮೋಟಾರು ತಿರುಗಿಸುವ ಹಿಂದಿನ ಟೈರುಗಳು ಬೇಗ ಸವೆಯುತ್ತವೆ. ಅಲ್ಲಿಗೆ ರೀಸೋಲ್ ಟೈರ್ (ಸವೆದ ಟೈರಿಗೆ ಹೊಸ ರಬ್ಬರ್ ಅಂಟಿಸಿದ್ದು) ಹಾಕಿಸಿ ದುಡ್ಡು ಉಳಿಸುವ ಆಲೋಚನೆ ಬಿಡಿ. ಹಿಂದಿನವೆರಡನ್ನೂ ಜೋಡಿಯಾಗಿಯೇ ಬದಲಾಯಿಸಿ, ಹೊಸತೊಂದು ಸವೆದದ್ದೊಂದು ಇದ್ದರೆ, ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್‌ಗೆ ನೇರ ರಸ್ತೆಯಲ್ಲೂ ಸುಮ್ಮನೆ ಕೆಲಸ.

ಹಾಕಿಸುವಾಗ ಹತ್ತಿರವೇ ನಿಲ್ಲಿ. ಬ್ಯಾಟರಿ ಪೆಟ್ಟಿಗೆ ಗಾಡಿಯ ಅಡಿಯಲ್ಲೇ ಇರುವುದರಿಂದ ಡೀಸೆಲ್ ಗಾಡಿಯಂತೆ ಸಿಕ್ಕಲ್ಲಿ ಜಾಕ್ ಕೊಟ್ಟರೆ ಪೆಟ್ಟಿಗೆ ಜಜ್ಜುತ್ತದೆ. ಕೈಪಿಡಿ ತೋರಿಸಿದ ಜಾಗಕ್ಕೆ ಮಾತ್ರ ಜಾಕ್, ಹೆಚ್ಚು ವೋಲ್ಟೇಜ್ ಹರಿಯುವ ಕಿತ್ತಳೆ ಬಣ್ಣದ ಕೇಬಲ್ ಹತ್ತಿರ ಸಲಾಕೆಯೂ ಹೋಗಬಾರದು. ಹಳೇ ರಬ್ಬರ್ ವಾಲ್ವ್ ತೆಗೆಸಿ, ಎಲ್‌ಟಿ ಟೈರಿನ ಗಾಳಿಯ ಒತ್ತಡ ತಡೆಯುವ ಹೊಸದನ್ನೇ ಹಾಕಿಸಿ. ನಟ್‌ಗಳನ್ನು ಎದುರುಬದುರಾಗಿ ಬಿಗಿಸಿ, ಕೈಪಿಡಿಯ ಅಳತೆಗೆ ಟಾರ್ಕ್ ಸ್ಪ್ಯಾನರ್‌ನಲ್ಲಿ ಮುಗಿಸಬೇಕು. 50ರಿಂದ 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ. ಗಾಳಿ ನೋಡಬೇಕಾದದ್ದು ಬೆಳಗ್ಗೆ, ಗಾಡಿ ಓಡುವ ಮುಂಚೆ.

ಈಗಾಗಲೇ ಕಾರಿನ ಟೈರ್ ಹಾಕಿಸಿಕೊಂಡವರು ಗಾಳಿ ಹೆಚ್ಚಿಸಿ ಸುಧಾರಿಸಲು ಹೋಗಬೇಡಿ. ಲೋಡ್ ಇಳಿಸಿ, ಖಾಲಿ ಗಾಡಿಯನ್ನು ನಿಧಾನಕ್ಕೆ ಅಂಗಡಿಗೆ ಒಯ್ದು ಬದಲಾಯಿಸಿ. ಹೊಸ ಬಿಲ್‌ನಲ್ಲಿ ಬರೀ "12 ಇಂಚು ಟೈರ್" ಎಂದು ಬರೆಯಲು ಬಿಡದೆ ಎಲ್‌ಟಿ, ಪಿಆರ್, ತೂಕದ ಸಂಖ್ಯೆ ಸಮೇತ ಪೂರ್ತಿ ಬರೆಸಿಕೊಳ್ಳಿ.