ಲಿವರ್ ಕೋಶದಲ್ಲಿ ಗ್ಯಾಸ್ ನೋಡಲು ಯಾವ ಪ್ರೋಬ್?

ಪ್ರೋಬ್ ಎಂದರೆ ಗ್ಯಾಸ್ ಇದ್ದರೆ ಹೊಳೆದು ತೋರಿಸುವ ರಾಸಾಯನಿಕ. ನೈಟ್ರಿಕ್ ಆಕ್ಸೈಡ್ ನೋಡಬೇಕಾದರೆ ಡಿಎಎಫ್-ಎಫ್‌ಎಂ ಸಾಕು. ರೆಡಿಮೇಡ್ ಸಿಗುತ್ತದೆ, ಬಳಸುವುದೂ ಸಲೀಸು. ಆದರೆ ಅದು ಹೊಳೆಯುವುದು ಸುಮಾರು 515 ನ್ಯಾನೋಮೀಟರ್‌ನಲ್ಲಿ, ಅಂದರೆ ಹಸಿರು. ಲಿವರ್ ತಾನೇ ಹಸಿರಾಗಿ ಮಿನುಗುತ್ತದೆ ಅಲ್ವಾ! ತಾವೇ ಹೊಳೆಯುವ ಫ್ಲೇವಿನ್, ಲಿಪೋಫ್ಯೂಸಿನ್ ಎಲ್ಲಾ ಅಲ್ಲೇ ಇವೆ. ಹಾಗಾಗಿ ಪ್ರೋಬ್ ಹಾಕದ ಒಂದು ಪ್ಲೇಟ್ ಪಕ್ಕದಲ್ಲಿ ಇರಲೇಬೇಕು. ಇನ್ನೊಂದು, ಇದು ನೇರವಾಗಿ ನೈಟ್ರಿಕ್ ಆಕ್ಸೈಡ್ ಜೊತೆ ಸೇರುವುದಿಲ್ಲ. ಆಮ್ಲಜನಕದೊಂದಿಗೆ ಬೆರೆತು ಹುಟ್ಟುವ ರೂಪವನ್ನೇ ಹಿಡಿಯುತ್ತದೆ.

ಹೈಡ್ರೋಜನ್ ಸಲ್ಫೈಡ್‌ಗೆ ಅಜೈಡ್ (ಮೂರು ಸಾರಜನಕ ಪರಮಾಣುಗಳ ಗುಂಪು) ಇರುವ ಪ್ರೋಬ್. ಸಲ್ಫೈಡ್ ತಾಗಿದರೆ ಅಜೈಡ್ ಅಮೈನ್ ಆಗುತ್ತದೆ, ಬೆಳಕು ಬರುತ್ತದೆ. ತೊಡಕು ಗ್ಲುಟಥಯೋನ್‌ದು, ಅಂದರೆ ಇದೇ ಪ್ರೋಬನ್ನು ಬೆಳಗಿಸಬಲ್ಲ, ಕೋಶದಲ್ಲೇ ಇರುವ ಗಂಧಕದ ಸಂಯುಕ್ತದ್ದು. ಲಿವರ್ ಕೋಶದಲ್ಲಿ ಅದು ಮಿಲಿಮೋಲಾರ್ ಮಟ್ಟದಲ್ಲಿದೆ, ಸಲ್ಫೈಡ್ ಅದಕ್ಕಿಂತ ತುಂಬಾ ಕಡಿಮೆ. ನಿಧಾನದ ಪ್ರೋಬ್ ತಗೊಂಡರೆ ಯಾವುದರ ಬೆಳಕು ಎಂದು ಹೇಳುವುದೇ ಕಷ್ಟ. ಸಲ್ಫೈಡ್ ತಯಾರಿಸುವ ಸಿಎಸ್‌ಇ ಕಿಣ್ವವನ್ನು ಪ್ರೊಪಾರ್ಗಿಲ್‌ಗ್ಲೈಸಿನ್‌ನಿಂದ ತಡೆದು ನೋಡಿ. ಬೆಳಕು ಇಳಿಯದಿದ್ದರೆ ಫಲಿತಾಂಶವನ್ನು ನಂಬಬೇಡಿ.

ಎರಡರಲ್ಲೂ ಬೆಳಕು ಹತ್ತಿದ ಮೇಲೆ ಆರುವುದಿಲ್ಲ, ಹಾಗಾಗಿ ಗ್ಯಾಸ್‌ನ ಏರಿಳಿತ ಸಿಗದು. ಫೈಬ್ರೋಸಿಸ್ (ಲಿವರ್ ಕಲೆಗಟ್ಟುವ ರೋಗ) ಇರುವ ಜೀವಂತ ಇಲಿಯಾದರೆ ಹಸಿರು ಬೆಳಕು ಆಳದಿಂದ ಹೊರಬರದು, ಅದನ್ನು ಬಿಟ್ಟು ನಿಯರ್-ಇನ್‌ಫ್ರಾರೆಡ್ ಪ್ರೋಬ್ ಹುಡುಕಿ.