ಪ್ರೋಗ್ರಾಮಿಂಗ್ ಕೋರ್ಸ್‌ಗೆ ದುಡ್ಡು ಕಟ್ಟೋ ಮುಂಚೆ ವಿಡಿಯೋ ಮೂಲೆಯಲ್ಲಿರೋ ತಾರೀಕು ನೋಡಿ

59,000 ರೂಪಾಯಿ. ಕೋರ್ಸಿಗೆ 50,000, ಅದರ ಮೇಲೆ 18% ಜಿಎಸ್‌ಟಿ ಅಂತ 9,000. ಸಿಕ್ಕಿದ್ದು 2017ರಲ್ಲಿ ರೆಕಾರ್ಡ್ ಮಾಡಿದ ವಿಡಿಯೋ. ಕಂಪನಿ ಹೆಸರು ಹಾಕಲ್ಲ, ಇದೇ ದಾರಿ ಹಿಡಿದವರು ಇನ್ನೂ ಎಷ್ಟೋ ಜನ ಇದ್ದಾರೆ.

ನಾಚಿಕೆಯ ಮಾತು ಮೊದಲೇ ಹೇಳಿಬಿಡ್ತೀನಿ. ಕೋರ್ಸ್ ತಮ್ಮನಿಗೆ ತಗೊಂಡಿದ್ದು, ದುಡ್ಡು ಕಟ್ಟಿದ್ದು ನಾನು. ನಾನು ಕೋಡ್ ಬರೆದೇ ಅನ್ನ ತಿನ್ನೋನು. ಹತ್ತು ನಿಮಿಷ ಅವರ ಕೋಡ್ ನೋಡಿದ್ದರೆ ಸಾಕಿತ್ತು. ನಾನು ನೋಡಿದ್ದು ಬ್ರೋಷರ್.

ಫೋನ್ ಮಾಡಿದ ಕೌನ್ಸೆಲರ್ ಹೇಳಿದ್ದು: “ಸರ್, ಈ ಬ್ಯಾಚಲ್ಲಿ ಇನ್ನು ಎರಡೇ ಸೀಟ್ ಇರೋದು. ರಾತ್ರಿ 12ಕ್ಕೆ ಆಫರ್ ಕ್ಲೋಸ್ ಆಗುತ್ತೆ.” ರೆಕಾರ್ಡ್ ಮಾಡಿಟ್ಟ ವಿಡಿಯೋಗೆ ಎಂಥ ಬ್ಯಾಚು, ಎಂಥ ಸೀಟು? ಆಗ ಈ ಪ್ರಶ್ನೆ ತಲೆಗೇ ಬರಲಿಲ್ಲ. ಡೆಮೋ ಅಂತ ಕಳಿಸಿದ ವಿಡಿಯೋ ಚೆನ್ನಾಗಿಯೇ ಇತ್ತು, ಹೊಸ ಸ್ಟುಡಿಯೋ, ಹೊಸ ಮೈಕ್. ಅದು ಮೊದಲ ಐದು ನಿಮಿಷದ ಪರಿಚಯ ಮಾತ್ರ. ಅದರ ಹಿಂದೆ ಅಂಟಿಸಿದ್ದು ಹಳೇ ಸರಕು.

ಗೊತ್ತಾಗಿದ್ದು ಹೇಗೆ ಅಂದರೆ, ಮೂರನೇ ಪಾಠದಲ್ಲಿ ಮೇಷ್ಟ್ರು ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ 7/2 ಬರೆದು ಉತ್ತರ 3 ಅಂತ ತೋರಿಸ್ತಾರೆ. ತಮ್ಮನ ಲ್ಯಾಪ್‌ಟಾಪ್‌ನಲ್ಲಿ 3.5. ಆಮೇಲೆ ಇನ್‌ಪುಟ್ ಪಾಠ. ಅವರು 5 ಮತ್ತು 5 ಕೊಟ್ಟು ಕೂಡಿಸಿದರೆ 10 ಬರುತ್ತೆ, ಇವನಿಗೆ 55. ಎರಡು ದಿನ ತನ್ನದೇ ತಪ್ಪು ಅಂದುಕೊಂಡು ಕೂತಿದ್ದಾನೆ. ತಪ್ಪು ಯಾರದ್ದೂ ಅಲ್ಲ, ಮೇಷ್ಟ್ರದ್ದು ಪೈಥಾನ್ 2, ಇವನದ್ದು ಪೈಥಾನ್ 3. ಹಳೇದರಲ್ಲಿ ಎರಡು ಪೂರ್ಣಾಂಕ ಭಾಗಿಸಿದರೆ ದಶಮಾಂಶ ಬಿದ್ದುಹೋಗುತ್ತೆ, ಹೊಸದರಲ್ಲಿ ಉಳಿಯುತ್ತೆ. ಹಳೇ ಇನ್‌ಪುಟ್ ಸಂಖ್ಯೆಯನ್ನ ಸಂಖ್ಯೆ ಅಂತಲೇ ತಗೊಳ್ಳುತ್ತೆ, ಹೊಸದು ಸ್ಟ್ರಿಂಗ್, ಅಂದರೆ ಬರೀ ಅಕ್ಷರಗಳ ಸಾಲು, ಮಾಡಿ ಕೊಡುತ್ತೆ, ಹಾಗಾಗಿ ಕೂಡಿಸೋ ಬದಲು ಪಕ್ಕ ಪಕ್ಕ ಅಂಟಿಸುತ್ತೆ. ಹಳೇ ಥರ ಪ್ರಿಂಟ್‌ಗೆ ಬ್ರಾಕೆಟ್ ಇಲ್ಲದೆ ಬರೆದರೆ ಹೊಸದರಲ್ಲಿ ಎರರ್ ಆದರೂ ಬರುತ್ತೆ, ಏನೋ ಹಳೇದು ಅಂತ ಹುಡುಕಬಹುದು. ಇಲ್ಲಿ ಎರರ್ ಇಲ್ಲ, ಉತ್ತರವೇ ಬೇರೆ. ಹೊಸಬನಿಗೆ ಇದಕ್ಕಿಂತ ಕೆಟ್ಟದ್ದು ಇಲ್ಲ.

ನಾನು ಕೂತು ವಿಡಿಯೋ ನಿಲ್ಲಿಸಿ ನೋಡಿದೆ. ಪರದೆಯ ಕೆಳಗೆ ಬಲಮೂಲೆಯಲ್ಲಿ ಗಡಿಯಾರ, ಅದರ ಕೆಳಗೆ ತಾರೀಕು. 2017. ಅಳಿಸುವಷ್ಟು ತೊಂದರೆಯೂ ತಗೊಂಡಿಲ್ಲ. ಪೈಥಾನ್ 2ಕ್ಕೆ ಬೆಂಬಲ ನಿಂತಿದ್ದು 2020ರ ಜನವರಿ 1ಕ್ಕೆ. ಬ್ರೋಷರ್‌ನಲ್ಲಿ “ಲೇಟೆಸ್ಟ್ ಇಂಡಸ್ಟ್ರಿ ಸಿಲಬಸ್” ಅಂತ ಇತ್ತು.

ಕೌನ್ಸೆಲರ್‌ಗೆ ಫೋನ್ ಮಾಡಿದೆ. “ಸರ್, ಬೇಸಿಕ್ಸ್ ಯಾವತ್ತೂ ಚೇಂಜ್ ಆಗಲ್ಲ. ಲಾಜಿಕ್ ಮುಖ್ಯ, ಸಿಂಟ್ಯಾಕ್ಸ್ ಅಲ್ಲ.” 7/2 ಎಷ್ಟು ಅನ್ನೋದು ಲಾಜಿಕ್ ಅಲ್ವಾ ತಾಯಿ? “ಟೆಕ್ನಿಕಲ್ ಟೀಮ್‌ಗೆ ಫಾರ್ವರ್ಡ್ ಮಾಡ್ತೀನಿ ಸರ್.” ಟೆಕ್ನಿಕಲ್ ಟೀಮಿಂದ ಮಾರನೇ ದಿನ ವಾಟ್ಸ್ಆ್ಯಪ್ ಬಂತು: “ಪೈಥಾನ್ 2.7 ಇನ್‌ಸ್ಟಾಲ್ ಮಾಡಿಕೊಳ್ಳಿ.” ಹೌದು, ಅಷ್ಟೇ. ಕೋರ್ಸ್ ಸರಿಮಾಡಲ್ಲ, ನಿಮ್ಮ ಕಂಪ್ಯೂಟರನ್ನ ಹಿಂದಕ್ಕೆ ತಗೊಂಡು ಹೋಗಿ.

ವೆಬ್ ಭಾಗವೂ ಇದೇ ಕಥೆ. ವೆಬ್ ಪುಟ ಕಟ್ಟೋ ರಿಯಾಕ್ಟ್ ಲೈಬ್ರರಿಯನ್ನ ಪೂರ್ತಿ ಕ್ಲಾಸ್ ಕಾಂಪೊನೆಂಟ್ ಅನ್ನೋ ಹಳೇ ಶೈಲಿಯಲ್ಲೇ ಕಲಿಸ್ತಾರೆ. 2019ರಲ್ಲಿ ಬಂದ ಹೊಸ ಶೈಲಿ, ಹುಕ್ಸ್, ಅದರ ಹೆಸರೇ ಇಲ್ಲ. ಶುರುವಿನಲ್ಲಿ ಬರೆಸೋ, ಪುಟವನ್ನ ಪರದೆ ಮೇಲೆ ತೋರಿಸೋ ರೆಂಡರ್ ಸಾಲನ್ನ ರಿಯಾಕ್ಟ್ 19ರಲ್ಲಿ ತೆಗೆದೇ ಹಾಕಿದ್ದಾರೆ, ಅದು ಓಡಲ್ಲ. “ಇಂಡಸ್ಟ್ರಿ ಪ್ರಾಜೆಕ್ಟ್” ಅಂದರೆ ಒಂದು ಜಿಪ್ ಫೈಲ್. ಅದರಲ್ಲಿ ವೆಬ್ ಪುಟದ ಅಲಂಕಾರದ ಕೋಡ್ ಸಿದ್ಧಮಾಡೋ ನೋಡ್-ಸ್ಯಾಸ್ ಇದೆ. ಅದು ನೋಡ್ (ಜಾವಾಸ್ಕ್ರಿಪ್ಟ್ ಕೋಡ್ ಓಡಿಸೋ ಸಾಫ್ಟ್‌ವೇರ್) ಆವೃತ್ತಿಗೆ ತಕ್ಕಂತೆ ಕಂಪೈಲ್ ಆಗಬೇಕಾದ ಪ್ಯಾಕೇಜ್, ಅದರ ಹಳೇ ಆವೃತ್ತಿ ಹೊಸ ನೋಡ್ ಮೇಲೆ ಬಿಲ್ಡ್ ಆಗಲ್ಲ, ಎರಡು ಪುಟ ಕೆಂಪು ಅಕ್ಷರ ಬರುತ್ತೆ. ಉತ್ತರ ಏನು? “ನೋಡ್ 14 ಹಾಕ್ಕೊಳ್ಳಿ ಸರ್.” ಅದರ ಬೆಂಬಲ 2023ರ ಏಪ್ರಿಲ್‌ಗೇ ಮುಗಿದಿದೆ. ಅದೇ ಪ್ರಾಜೆಕ್ಟ್, ಅದೇ ಫೋಲ್ಡರ್ ಹೆಸರು, ಸ್ಪೆಲಿಂಗ್ ತಪ್ಪೂ ಅದೇ, ಕೋಡ್ ಹಂಚಿಕೊಳ್ಳೋ ಗಿಟ್‌ಹಬ್ ತಾಣದಲ್ಲಿ ಹುಡುಕಿದರೆ ಸಾಲು ಸಾಲು ಸಿಗುತ್ತೆ. ಇಂಟರ್‌ವ್ಯೂ ತಗೊಳ್ಳೋರಿಗೂ ಸಿಗುತ್ತೆ ಅಲ್ವಾ.

ರೀಫಂಡ್ ಕೇಳಿದ್ದಕ್ಕೆ ಬಂದ ಉತ್ತರ ಇದು: “ನಿಮ್ಮ ಲಾಗಿನ್‌ನಲ್ಲಿ 20% ವಿಡಿಯೋ ಆಗಿದೆ ಸರ್, ಪಾಲಿಸಿ ಪ್ರಕಾರ ಬರಲ್ಲ.” ಒಂದು ವಿಡಿಯೋ ಮುಗಿದರೆ ಮುಂದಿನದು ತಾನಾಗೇ ಓಡುತ್ತೆ. ಹುಡುಗ ಊಟಕ್ಕೆ ಎದ್ದು ಹೋದಾಗ ಓಡಿದ್ದೂ ಲೆಕ್ಕಕ್ಕೆ ಸೇರಿದೆ. 20% ಅನ್ನೋ ಮಾತನ್ನ ಮಾರುವಾಗ ಒಬ್ಬರೂ ಹೇಳಲಿಲ್ಲ.

ಸಾಲದ ವಿಷಯ ಗಮನ ಇಟ್ಟು ಓದಿ, ದುಡ್ಡು ಹೋಗೋದು ಇಲ್ಲೇ. “ನೋ ಕಾಸ್ಟ್ ಇಎಂಐ”, ತಿಂಗಳಿಗೆ 4,917 ರೂಪಾಯಿ, 12 ಕಂತು. ಇದು ಕೋರ್ಸಿನ ಕಂತು ಅಂದುಕೊಂಡಿದ್ದೆ. ಅಲ್ಲ. ಓಟಿಪಿ ಕೊಟ್ಟ ಕ್ಷಣ ಅದು ಫೈನಾನ್ಸ್ ಕಂಪನಿಯಲ್ಲಿ ನಮ್ಮ ಹೆಸರಿನ ಸಾಲ. ಅವರು ಬಡ್ಡಿ ಮುರಿದುಕೊಂಡು ಉಳಿದ ದುಡ್ಡನ್ನ ಒಂದೇ ಸಲ ಕೋರ್ಸಿನವರಿಗೆ ಕೊಟ್ಟಾಯ್ತು. ಆಮೇಲೆ ಕೋರ್ಸಿನವರು “ಅದು ಫೈನಾನ್ಸ್ ವಿಷಯ ಸರ್” ಅಂತಾರೆ, ಫೈನಾನ್ಸಿನವರು “ಅದು ಕೋರ್ಸ್ ವಿಷಯ ಸರ್” ಅಂತಾರೆ. ಸಿಟ್ಟಿಗೆ ಕಂತು ನಿಲ್ಲಿಸಿದರೆ ಬೌನ್ಸ್ ಚಾರ್ಜ್ ಬೀಳುತ್ತೆ, ಸಿಬಿಲ್ ಹಾಳಾಗುತ್ತೆ. ಇಂಥ ಡಿಜಿಟಲ್ ಸಾಲಕ್ಕೆ ರಿಸರ್ವ್ ಬ್ಯಾಂಕ್ ಕೂಲಿಂಗ್ ಆಫ್ ಅವಧಿ ಕಡ್ಡಾಯ ಮಾಡಿದೆ. ಆ ಅವಧಿಯೊಳಗೆ ಅಸಲು, ಆ ದಿನಗಳ ಬಡ್ಡಿ ಕಟ್ಟಿ ದಂಡವಿಲ್ಲದೆ ಹೊರಬರಬಹುದು. ಎಷ್ಟು ದಿನ ಅಂತ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಅನ್ನೋ ಹಾಳೆಯಲ್ಲಿ ಇರುತ್ತೆ. ನಿಯಮದ ಪ್ರಕಾರ ಕನಿಷ್ಠ ಒಂದು ದಿನ ಕೊಟ್ಟರೂ ಸಾಕು, ಹಾಗಾಗಿ ಅವತ್ತೇ ಕೂತು ಕೋರ್ಸ್ ಪರೀಕ್ಷೆ ಮಾಡಿ. ನಾನು ಆ ಹಾಳೆ ತೆರೆದಿದ್ದು ಮೂರನೇ ವಾರದಲ್ಲಿ.

ಡೆಮೋ ಕೇಳುವಾಗ ಮೊದಲ ಪಾಠ ಬೇಡ, ಮಧ್ಯದ್ದು ಕೇಳಿ, ಹತ್ತನೇದು, ಇಪ್ಪತ್ತನೇದು. ಕೊಡಲ್ಲ ಅಂದರೆ ಫೋನ್ ಇಡಿ. ಅದರ ಕೋಡನ್ನ ಇವತ್ತಿನ ಆವೃತ್ತಿ ಇಳಿಸಿಕೊಂಡ ಕಂಪ್ಯೂಟರ್‌ನಲ್ಲಿ ಓಡಿಸಿ. ಗಿಟ್‌ಹಬ್ ಕೊಂಡಿ ಕೇಳಿ ಕೊನೆಯ ಕಮಿಟ್, ಅಂದರೆ ಕೋಡ್ ಬದಲಾವಣೆ, ಯಾವಾಗ ಅಂತ ನೋಡಿ. ಅಭ್ಯಾಸ ಎಂಥದ್ದು ಅಂತ ಕೇಳಿ. ನಮ್ಮದರಲ್ಲಿ ಇದ್ದಿದ್ದು ಬರೀ ನಾಲ್ಕು ಆಯ್ಕೆಯ ಪ್ರಶ್ನೆ. ಟಿಕ್ ಹಾಕಿ ಯಾರೂ ಪ್ರೋಗ್ರಾಂ ಬರೆಯೋದು ಕಲಿತಿಲ್ಲ. ನೀವೇ ಬರೆದ ಕೋಡನ್ನ ಟೆಸ್ಟ್ ಹಾಕಿ ತಪ್ಪು ತೋರಿಸೋ ವ್ಯವಸ್ಥೆ ಇರಬೇಕು. ಸಿ ಕಲಿಸ್ತೀವಿ ಅಂತ ನೀಲಿ ಪರದೆಯ ಹಳೇ ಟರ್ಬೋ ಸಿ ತೆರೆದರೆ ಅಲ್ಲೇ ಬಿಡಿ. ಅದರಲ್ಲಿ ಪೂರ್ಣಾಂಕ ಇಡೋ ಇಂಟ್‌ಗೆ ಎರಡೇ ಬೈಟ್ ಜಾಗ, 32767 ದಾಟಿದರೆ ಋಣಸಂಖ್ಯೆಗೆ ತಿರುಗುತ್ತೆ.

ಇನ್ನೂ ಹೊಟ್ಟೆ ಉರಿಯೋದು ಯಾಕೆ ಗೊತ್ತಾ? ಇದಕ್ಕಿಂತ ಒಳ್ಳೇದು ಪುಕ್ಕಟೆ ಇದೆ. ಹಾರ್ವರ್ಡ್‌ನ ಸಿಎಸ್50 ಅನ್ನೋ ಆನ್‌ಲೈನ್ ಕೋರ್ಸಿನಲ್ಲಿ ಪ್ರತಿ ವಾರ ನೀವು ಬರೆದ ಪ್ರೋಗ್ರಾಂ ತಾನಾಗೇ ಪರೀಕ್ಷೆ ಆಗುತ್ತೆ. ಹೆಲ್ಸಿಂಕಿ ವಿಶ್ವವಿದ್ಯಾಲಯದ ಪೈಥಾನ್ ಕೋರ್ಸಿನಲ್ಲೂ ಹಾಗೇ. ವೆಬ್ ಕಲಿಯೋಕೆ ಓಡಿನ್ ಪ್ರಾಜೆಕ್ಟ್ ಅನ್ನೋ ತಾಣ, ಸಂಶಯ ಬಂದರೆ ನೋಡೋಕೆ ಎಂಡಿಎನ್ ಅನ್ನೋ ಕೈಪಿಡಿ ತಾಣ. ಐಐಟಿಗಳು ನಡೆಸೋ ಎನ್‌ಪಿಟೆಲ್ ಪಾಠಕ್ಕೆ ದುಡ್ಡಿಲ್ಲ, ಸರ್ಟಿಫಿಕೇಟ್ ಪರೀಕ್ಷೆಗೆ ಮಾತ್ರ ಶುಲ್ಕ. ಇಂಗ್ಲಿಷ್ ಕಷ್ಟ ಅನ್ನೋರಿಗೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಕನ್ನಡ ದನಿಯ ಪಾಠಗಳೂ ಇವೆ. ಅಲ್ಲೂ ಹಳೇ ಆವೃತ್ತಿಯವು ಇವೆ, ನೋಡಿ ಆರಿಸಿ. ಎಲ್ಲವನ್ನೂ ಒಟ್ಟಿಗೆ ಶುರುಮಾಡಬೇಡಿ, ಒಂದನ್ನ ಹಿಡಿದು ಮುಗಿಸಿ. ತಮ್ಮ ಈಗ ಸಿಎಸ್50ರ ಎರಡನೇ ವಾರದಲ್ಲಿದ್ದಾನೆ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೀನಿ. ತಾರೀಕು ಕಾಣೋ ಸ್ಕ್ರೀನ್‌ಶಾಟ್, ವಾಟ್ಸ್ಆ್ಯಪ್ ಮಾತು, ಬ್ರೋಷರ್ ಎಲ್ಲಾ ಇಟ್ಟುಕೊಂಡಿದ್ದೆ, ನೀವೂ ಇಟ್ಟುಕೊಳ್ಳಿ. ಫೋನಲ್ಲಿ ಹೇಳಿದ ಮಾತಿಗೆ ಮಾತ್ರ ನನ್ನ ಹತ್ತಿರ ಸಾಕ್ಷಿ ಇಲ್ಲ. ಇನ್ನು ಒಂಬತ್ತು ಕಂತು ಬಾಕಿ, ಮುಂದಿನದು 5ನೇ ತಾರೀಕು ಹೋಗುತ್ತೆ.