ಸರ್ಕಾರಿ ವಸತಿ ಎಂಬ ಸೇವೆ: ಕಟ್ಟಿದ್ದೆಷ್ಟು, ಉಳಿಸಿಕೊಂಡದ್ದೆಷ್ಟು

ಸಾರ್ವಜನಿಕ ವಸತಿಯ ಕೊರತೆಯನ್ನು ಕುರಿತ ರಾಜಕೀಯ ಚರ್ಚೆ ಎಲ್ಲ ದೇಶಗಳಲ್ಲೂ ಹೆಚ್ಚುಕಡಿಮೆ ಒಂದೇ ಜಾಡಿನಲ್ಲಿ ಸಾಗುತ್ತದೆ. ಆಡಳಿತ ಪಕ್ಷ ತಾನು ಕಟ್ಟಿಸಿದ ಮನೆಗಳ ಸಂಖ್ಯೆಯನ್ನು ಮುಂದಿಡುತ್ತದೆ, ವಿರೋಧ ಪಕ್ಷ ಮನೆ ಸಿಗದವರ ಸಂಖ್ಯೆಯನ್ನು ಮುಂದಿಡುತ್ತದೆ, ಮನೆ ಒದಗಿಸುವುದು ಸರ್ಕಾರದ ಹೊಣೆಯೋ ಮಾರುಕಟ್ಟೆಯ ಕೆಲಸವೋ ಎಂಬ ಮೂಲಪ್ರಶ್ನೆ ಈ ಗದ್ದಲದಲ್ಲಿ ಹಾಗೆಯೇ ಉಳಿದುಬಿಡುತ್ತದೆ. ಆ ಪ್ರಶ್ನೆಯನ್ನು ಸಿದ್ಧಾಂತದ ಕಡೆಯಿಂದ ಬಿಡಿಸುವ ಬದಲು, ಸರ್ಕಾರಿ ವಸತಿಯನ್ನು ಬೇರಾವುದೇ ಸೇವೆಯಂತೆ ಪರೀಕ್ಷಿಸುವುದು ಈ ವಿಮರ್ಶೆಯ ಉದ್ದೇಶ: ಒದಗಿಸುವವರು ಕೊಟ್ಟ ಮಾತೇನು, ಸೇವೆ ಎಷ್ಟು ಕಾಲಕ್ಕೆ ಕೈಸೇರುತ್ತದೆ, ಕೈಸೇರಿದ್ದು ಎಷ್ಟು ದಿನ ಬಾಳುತ್ತದೆ, ಕೆಟ್ಟರೆ ಕೇಳುವವರು ಯಾರು. ಒಂದು ವ್ಯತ್ಯಾಸವನ್ನು ಮಾತ್ರ ಮೊದಲೇ ಹೇಳಬೇಕು. ಈ ಸೇವೆ ಹಿಡಿಸದಿದ್ದರೆ ಬೇರೆ ಕಡೆ ಹೋಗುತ್ತೇನೆ ಎನ್ನುವ ಅವಕಾಶ ಬಳಕೆದಾರನಿಗಿಲ್ಲ. ಇದ್ದಿದ್ದರೆ ಅವನು ಸರತಿಗೇ ಬರುತ್ತಿರಲಿಲ್ಲ.

ಮಾತು ಕೊಡುವುದರಲ್ಲಿ ಸರ್ಕಾರಗಳು ಹಿಂದೆ ಬಿದ್ದಿಲ್ಲ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 25ನೇ ವಿಧಿ ವಸತಿಯನ್ನು ತಕ್ಕ ಜೀವನಮಟ್ಟದ ಭಾಗವೆಂದು ಹೆಸರಿಸಿತು. 1966ರ ಆರ್ಥಿಕ, ಸಾಮಾಜಿಕ ಮತ್ತು ಸಾಂಸ್ಕೃತಿಕ ಹಕ್ಕುಗಳ ಅಂತರರಾಷ್ಟ್ರೀಯ ಒಪ್ಪಂದದ 11ನೇ ವಿಧಿ ಅದನ್ನು ಒಪ್ಪಂದಕ್ಕೆ ಸೇರಿದ ರಾಷ್ಟ್ರಗಳ ಬಾಧ್ಯತೆಯಾಗಿಸಿತು. ಆದರೆ ಅದೇ ಒಪ್ಪಂದದ 2ನೇ ವಿಧಿಯು, ಲಭ್ಯವಿರುವ ಸಂಪನ್ಮೂಲಗಳನ್ನು ಗರಿಷ್ಠ ಮಟ್ಟದಲ್ಲಿ ಬಳಸಿ ಹಂತಹಂತವಾಗಿ ಇದನ್ನು ಸಾಧಿಸಿದರೆ ಸಾಕು ಎನ್ನುತ್ತದೆ. ಹಂತಹಂತವಾಗಿ ಎಂಬುದನ್ನು ಸರ್ಕಾರಗಳು ಚೆನ್ನಾಗಿ ನೆನಪಿಟ್ಟುಕೊಂಡಿವೆ, ಗರಿಷ್ಠ ಎಂಬುದನ್ನು ಅಷ್ಟಾಗಿ ಇಲ್ಲ. ದಕ್ಷಿಣ ಆಫ್ರಿಕಾದ ಸಂವಿಧಾನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ತನ್ನ 26ನೇ ಕಲಮಿನಲ್ಲಿ ವಸತಿಯನ್ನು ನ್ಯಾಯಾಲಯದಲ್ಲಿ ಕೇಳಬಹುದಾದ ಹಕ್ಕನ್ನಾಗಿ ಮಾಡಿದೆ. ಅದರ ಆಧಾರದ ಮೇಲೆ 2000ದಲ್ಲಿ ಐರೀನ್ ಗ್ರೂಟ್‌ಬೂಮ್ ಪ್ರಕರಣದ ತೀರ್ಪು ನೀಡಿದ ಅಲ್ಲಿನ ಸಂವಿಧಾನ ನ್ಯಾಯಾಲಯವು, ದೂರದ ಗುರಿಗಳನ್ನಷ್ಟೇ ಇಟ್ಟುಕೊಂಡು ಇಂದು ತಲೆಯ ಮೇಲೆ ಸೂರಿಲ್ಲದವರಿಗೆ ಏನನ್ನೂ ಒದಗಿಸದ ಯೋಜನೆ ಸಮಂಜಸವಲ್ಲ ಎಂದು ಹೇಳಿತು. ಆದರೆ ಕೇಳಿದ ಪ್ರತಿಯೊಬ್ಬರಿಗೂ ಕೂಡಲೇ ಮನೆ ಕೊಡಬೇಕೆಂದು ಅದು ಆದೇಶಿಸಲಿಲ್ಲ. ಜಗತ್ತಿನ ಕಾನೂನು ಪಠ್ಯಗಳಲ್ಲೆಲ್ಲ ಉಲ್ಲೇಖಗೊಂಡ ಆ ಅರ್ಜಿದಾರೆ 2008ರಲ್ಲಿ ತೀರಿಕೊಂಡಾಗಲೂ ಗುಡಿಸಲಿನಲ್ಲೇ ಇದ್ದರು. ಕಾಗದದ ಮೇಲಿನ ಖಾತರಿ ಎಷ್ಟೇ ಗಟ್ಟಿಯಾಗಿದ್ದರೂ, ಹಂಚಲು ದಾಸ್ತಾನಿನಲ್ಲಿ ಮನೆಗಳಿಲ್ಲದಿದ್ದರೆ ತೀರ್ಪು ಕೂಡ ಸರತಿಯ ಒಂದು ಚೀಟಿಯಾಗಿಬಿಡುತ್ತದೆ.

ಇನ್ನು ಕಾಯುವ ಅವಧಿ. ಹಾಂಗ್‌ಕಾಂಗ್‌ನಲ್ಲಿ 1953ರ ಕ್ರಿಸ್ಮಸ್ ದಿನ ಶೆಕ್ ಕಿಪ್ ಮೇ ಗುಡಿಸಲು ಪ್ರದೇಶಕ್ಕೆ ಬಿದ್ದ ಬೆಂಕಿ 50,000ಕ್ಕೂ ಹೆಚ್ಚು ಜನರನ್ನು ಒಂದೇ ರಾತ್ರಿಯಲ್ಲಿ ಬೀದಿಗೆ ತಂದಿತು. ಅಲ್ಲಿನ ಸರ್ಕಾರಿ ವಸತಿ ವ್ಯವಸ್ಥೆ ಬೆಳೆದದ್ದು ಆ ಅನಾಹುತದ ನಂತರ. ಇಂದು ಸಾಮಾನ್ಯ ಕುಟುಂಬದ ಅರ್ಜಿದಾರರಿಗೆ ಸರಾಸರಿ ಮೂರು ವರ್ಷಗಳಲ್ಲಿ ಮನೆ ತೋರಿಸಬೇಕೆಂಬುದು ಅದರ ಘೋಷಿತ ಗುರಿ. 2022ರಲ್ಲಿ ಸರಾಸರಿ ಕಾಯುವಿಕೆ ಆರು ವರ್ಷ ದಾಟಿತ್ತು. ಅದಕ್ಕಿಂತ ಗಮನಿಸಬೇಕಾದದ್ದು ಲೆಕ್ಕ ಹಾಕುವ ಬಗೆ: ಗಡಿಯಾರ ನಿಲ್ಲುವುದು ಕುಟುಂಬ ಒಳಹೊಕ್ಕ ದಿನವಲ್ಲ, ಮೊದಲ ಮನೆಯನ್ನು ತೋರಿಸಿದ ದಿನ. ತೋರಿಸಿದ ಮನೆ ಕೆಲಸದ ಜಾಗಕ್ಕೆ ತೀರ ದೂರವೆಂದು ಬೇಡವೆಂದವರು ಲೆಕ್ಕದ ಮಟ್ಟಿಗೆ ಸೇವೆ ಪಡೆದವರೇ. ಸ್ಟಾಕ್‌ಹೋಮ್‌ನ ಪದ್ಧತಿ ಬೇರೆ. ಅಲ್ಲಿ ಹದಿನೆಂಟು ತುಂಬಿದ ಯಾರು ಬೇಕಾದರೂ ಹೆಸರು ನೋಂದಾಯಿಸಿ ದಿನಗಳನ್ನು ಕೂಡಿಹಾಕುತ್ತ ಹೋಗಬಹುದು, ಹೆಚ್ಚು ದಿನ ಕೂಡಿಹಾಕಿದವರಿಗೆ ಮನೆ. ಪಕ್ಷಪಾತಕ್ಕೆ ಎಡೆಯಿಲ್ಲದ ವ್ಯವಸ್ಥೆ ಎನ್ನುವುದು ನಿಜ, ಆದರೆ ನಿನ್ನೆ ಮನೆ ಕಳೆದುಕೊಂಡವನಿಗಿಂತ, ಹೆತ್ತವರ ಮನೆಯಲ್ಲಿ ನೆಮ್ಮದಿಯಾಗಿದ್ದುಕೊಂಡೇ ಹತ್ತು ವರ್ಷ ಹೆಸರಿಟ್ಟವನು ಇಲ್ಲಿ ಮುಂದಿರುತ್ತಾನೆ.

ಈ ಸೇವೆಯ ನಿಜವಾದ ಪರೀಕ್ಷೆ ಇರುವುದು ದಾಸ್ತಾನಿನ ವಿಚಾರದಲ್ಲಿ, ಮತ್ತು ರಾಜಕೀಯ ಚರ್ಚೆ ಅತ್ಯಂತ ಕಡಿಮೆ ಮಾತಾಡುವುದೂ ಇದರ ಬಗ್ಗೆಯೇ. ಕಟ್ಟಿದ ಮನೆಗಳ ಸಂಖ್ಯೆ ಉದ್ಘಾಟನೆಯ ಫಲಕದಲ್ಲಿ ಸಿಗುತ್ತದೆ. ಮಾರಿದ, ಕೆಡವಿದ, ವಾಸಯೋಗ್ಯವಾಗಿ ಉಳಿಯದ ಮನೆಗಳನ್ನು ಅದರಿಂದ ಕಳೆದು ತೋರಿಸುವ ಫಲಕವನ್ನು ಯಾರೂ ನೆಡುವುದಿಲ್ಲ. ಬ್ರಿಟನ್ನಿನ ಕಥೆ ಇದಕ್ಕೆ ದೊಡ್ಡ ನಿದರ್ಶನ. ಮಾರ್ಗರೆಟ್ ಥ್ಯಾಚರ್ ಸರ್ಕಾರದ 1980ರ ವಸತಿ ಕಾಯ್ದೆಯು ಸ್ಥಳೀಯ ಸಂಸ್ಥೆಗಳ ಮನೆಗಳಲ್ಲಿ ಕನಿಷ್ಠ ಮೂರು ವರ್ಷ ಬಾಡಿಗೆಗಿದ್ದವರಿಗೆ ಅವನ್ನು ಕೊಳ್ಳುವ ಹಕ್ಕನ್ನೂ, ಮಾರುಕಟ್ಟೆ ಬೆಲೆಯ ಮೂರನೇ ಒಂದು ಭಾಗದಿಂದ ಅರ್ಧದವರೆಗಿನ ರಿಯಾಯಿತಿಯನ್ನೂ ಕೊಟ್ಟಿತು. ಇಂಗ್ಲೆಂಡಿನಲ್ಲಿ ಅಂದಿನಿಂದ ಸುಮಾರು 20 ಲಕ್ಷ ಮನೆಗಳು ಹೀಗೆ ಕೈಬದಲಾಗಿವೆ. ಕೊಂಡವರ ದೃಷ್ಟಿಯಿಂದ ಇದು ಅವರ ಬದುಕಿನ ಅತ್ಯುತ್ತಮ ವ್ಯವಹಾರ, ಅದನ್ನು ಅಲ್ಲಗಳೆಯುವುದು ಅನ್ಯಾಯ. ದುಡಿಯುವ ವರ್ಗದ ಎಷ್ಟೋ ಕುಟುಂಬಗಳು ಮೊದಲ ಬಾರಿಗೆ ಆಸ್ತಿವಂತರಾದದ್ದು ಇದರಿಂದ. ತೊಡಕಿದ್ದದ್ದು ಮಾರಾಟದಲ್ಲಿ ಅಲ್ಲ, ಮಾರಿದ ಹಣದಲ್ಲಿ. ಬಂದದ್ದರ ದೊಡ್ಡ ಪಾಲನ್ನು ಹೊಸ ಮನೆ ಕಟ್ಟಲು ಬಳಸದಂತೆ ಕೇಂದ್ರ ಸರ್ಕಾರ ಸ್ಥಳೀಯ ಸಂಸ್ಥೆಗಳ ಕೈಕಟ್ಟಿತು. ಮಾರಾಟವಾದ ಮನೆಗಳಲ್ಲಿ ಕೆಲವು ಮುಂದೆ ಖಾಸಗಿ ಮಾಲೀಕರ ಕೈಸೇರಿ, ಹಿಂದಿನದಕ್ಕಿಂತ ಹೆಚ್ಚಿನ ಬಾಡಿಗೆಗೆ ಮತ್ತೆ ಬಡವರಿಗೇ ಸಿಕ್ಕವು, ಆ ಬಾಡಿಗೆಯ ಒಂದಂಶವನ್ನು ಸರ್ಕಾರವೇ ವಸತಿ ಭತ್ಯೆಯಾಗಿ ಕಟ್ಟಬೇಕಾಯಿತು. ತನ್ನದೇ ಮನೆಯನ್ನು ಅಗ್ಗಕ್ಕೆ ಮಾರಿ ದುಬಾರಿ ಬಾಡಿಗೆಗೆ ಹಿಂದಕ್ಕೆ ಪಡೆಯುವ ವ್ಯಾಪಾರಿಯನ್ನು ಯಾವ ಸಂತೆಯಲ್ಲೂ ಕಾಣಲಾರೆವು. ಸ್ಕಾಟ್ಲೆಂಡ್ 2016ರಲ್ಲಿ, ವೇಲ್ಸ್ 2019ರಲ್ಲಿ ಈ ಹಕ್ಕನ್ನು ರದ್ದುಮಾಡಿದವು. ಬ್ರಿಟನ್ನಿಗೆ ಐದಕ್ಕೆ ಎರಡು ಅಂಕ.

ವಿಯೆನ್ನಾ ಇದಕ್ಕೆ ತದ್ವಿರುದ್ಧ. ಮೊದಲ ಮಹಾಯುದ್ಧದ ನಂತರ ಅಧಿಕಾರ ಹಿಡಿದ ಸೋಷಿಯಲ್ ಡೆಮಾಕ್ರಟಿಕ್ ನಗರಾಡಳಿತವು 1923ರಲ್ಲಿ ವಸತಿ ನಿರ್ಮಾಣ ತೆರಿಗೆ ಹಾಕಿ, ಐಷಾರಾಮಿ ಮನೆಗಳಿಂದ ಬಲು ಹೆಚ್ಚನ್ನೂ ಕಾರ್ಮಿಕರ ಮನೆಗಳಿಂದ ಅತ್ಯಲ್ಪವನ್ನೂ ವಸೂಲು ಮಾಡಿ, 1934ರೊಳಗೆ 60,000ಕ್ಕೂ ಹೆಚ್ಚು ಮನೆಗಳನ್ನು ಕಟ್ಟಿಸಿತು. ಒಂದು ಕಿಲೋಮೀಟರಿಗೂ ಉದ್ದವಾಗಿ ಚಾಚಿರುವ, 1,382 ಮನೆಗಳ ಕಾರ್ಲ್ ಮಾರ್ಕ್ಸ್ ಹೋಫ್ ಅವುಗಳಲ್ಲಿ ಒಂದು. ಬಟ್ಟೆ ಒಗೆಯುವ ಕೋಣೆ, ಸ್ನಾನಗೃಹ, ಶಿಶುವಿಹಾರ, ಗ್ರಂಥಾಲಯಗಳೆಲ್ಲ ಅದರೊಳಗೇ ಇದ್ದವು. ಕಟ್ಟಿದ್ದಕ್ಕಿಂತ ದೊಡ್ಡ ಸಂಗತಿಯೆಂದರೆ ನಗರ ಅವನ್ನು ಮಾರಲಿಲ್ಲ. ಇಂದು ನಗರದ ಒಡೆತನದಲ್ಲಿ ಸುಮಾರು 2,20,000 ಮನೆಗಳಿವೆ, ಸಹಾಯಧನ ಪಡೆದ ಸಂಘಗಳ ಮನೆಗಳನ್ನೂ ಸೇರಿಸಿದರೆ ನಗರವಾಸಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಇಂಥ ವಸತಿಯಲ್ಲಿದ್ದಾರೆ. ಆದಾಯದ ತಪಾಸಣೆ ಒಳಸೇರುವಾಗ ಒಮ್ಮೆ ಮಾತ್ರ, ಆಮೇಲೆ ಸಂಬಳ ಏರಿತೆಂದು ಯಾರನ್ನೂ ಹೊರಹಾಕುವುದಿಲ್ಲ. ಉಳ್ಳವರು ಬಡವರ ಮನೆಯಲ್ಲಿ ಕೂತಿದ್ದಾರೆಂಬ ಟೀಕೆ ಇದರಿಂದಲೇ ಹುಟ್ಟಿದ್ದು; ಆದರೆ ಶಿಕ್ಷಕ, ದಾದಿ, ಕಸಗುಡಿಸುವವ ಒಂದೇ ಮೆಟ್ಟಿಲು ಬಳಸುವ ಕಟ್ಟಡವನ್ನು ಕೊಳೆಯಲು ಬಿಡುವುದು ಯಾವ ಆಡಳಿತಕ್ಕೂ ಸುಲಭವಲ್ಲ ಎಂಬುದು ನನ್ನ ಅಭಿಪ್ರಾಯ. ಅಂಕ ಕಳೆಯಬೇಕಾದದ್ದು ಬೇರೆ ಎರಡು ಕಾರಣಗಳಿಗೆ: ನಗರದಲ್ಲಿ ಎರಡು ವರ್ಷ ನೆಲೆಸಿರಬೇಕೆಂಬ ನಿಯಮ ಹೊಸದಾಗಿ ಬಂದವರನ್ನು ಹೊರಗಿಡುತ್ತದೆ, ಮತ್ತು 2004ರ ನಂತರ ಹದಿನೈದು ವರ್ಷ ನಗರ ತಾನಾಗಿ ಹೊಸ ಮನೆ ಕಟ್ಟದೆ ಹಳೆಯ ಕೀರ್ತಿಯ ಮೇಲೇ ಬದುಕಿತು. ನಾಲ್ಕು ಅಂಕ.

ಸಿಂಗಪುರ ಮೂರನೆಯ ಬಗೆ. ಅಲ್ಲಿನ ವಸತಿ ಮತ್ತು ಅಭಿವೃದ್ಧಿ ಮಂಡಳಿ 1960ರಲ್ಲಿ ಹುಟ್ಟಿ, ಮೊದಲ ಐದು ವರ್ಷಗಳಲ್ಲೇ 50,000 ದಾಟಿ ಮನೆಗಳನ್ನು ಕಟ್ಟಿತು. 1966ರ ಭೂಸ್ವಾಧೀನ ಕಾಯ್ದೆ ಅದಕ್ಕೆ ನೆಲ ಒದಗಿಸಿತು. ನಿವಾಸಿಗಳಲ್ಲಿ ಶೇಕಡ 80ರ ಆಸುಪಾಸು ಜನ ಈ ಮನೆಗಳಲ್ಲಿದ್ದಾರೆ. ಮನೆಯನ್ನು ಮಾರುತ್ತಾರೆ, ಆದರೆ 99 ವರ್ಷಗಳ ಗುತ್ತಿಗೆಗೆ ಮಾತ್ರ, ನೆಲ ಸರ್ಕಾರದ್ದೇ. ವೇಗಕ್ಕೂ ಪ್ರಮಾಣಕ್ಕೂ ಪೂರ್ಣ ಅಂಕ ಕೊಡಬಹುದು. ಮರುಮಾರಾಟದ ಬೆಲೆ ಏರುತ್ತಲೇ ಇರಬೇಕೆಂದು ಮನೆಯಿದ್ದವರೂ ಇಳಿಯಬೇಕೆಂದು ಅವರ ಮಕ್ಕಳೂ ಒಂದೇ ಸರ್ಕಾರವನ್ನು ಕೇಳುವ ಇಕ್ಕಟ್ಟು, ಗುತ್ತಿಗೆ ಮುಗಿಯುತ್ತ ಬಂದ ಮನೆಯ ಬೆಲೆ ಕರಗುವ ಆತಂಕ, ಇವೆರಡನ್ನೂ ಕಳೆದರೆ ಮೂರೂವರೆ.

ಗುಣಮಟ್ಟದ ವಿಷಯಕ್ಕೆ ಬಂದರೆ ಸರ್ಕಾರ ಮನೆ ಕಟ್ಟಬಾರದು ಎನ್ನುವವರ ನೆಚ್ಚಿನ ಸಾಕ್ಷಿ ಅಮೆರಿಕದ ಸೇಂಟ್ ಲೂಯಿಸ್‌ನ ಪ್ರೂಯಿಟ್-ಐಗೋ ಎಂಬ ಸರ್ಕಾರಿ ವಸತಿ ಸಮುಚ್ಚಯ. 1950ರ ದಶಕದಲ್ಲಿ ಎದ್ದ 11 ಅಂತಸ್ತಿನ 33 ಕಟ್ಟಡಗಳನ್ನು 1972ರಿಂದಲೇ ಸ್ಫೋಟಿಸಿ ಕೆಡವತೊಡಗಿದರು. ಆದರೆ ಕೇಂದ್ರದ ಹಣ ಬಂದದ್ದು ಕಟ್ಟುವುದಕ್ಕೆ. ನಿರ್ವಹಣೆಯ ಖರ್ಚು ಬಾಡಿಗೆಯಿಂದಲೇ ಹುಟ್ಟಬೇಕಿತ್ತು. ನಗರದ ಜನಸಂಖ್ಯೆ ಇಳಿದು ಮನೆಗಳು ಖಾಲಿಯಾದಂತೆ ಬಾಡಿಗೆ ಕುಗ್ಗಿತು, ದುರಸ್ತಿ ನಿಂತಿತು, ದುರಸ್ತಿ ನಿಂತದ್ದಕ್ಕೆ ಇನ್ನಷ್ಟು ಜನ ಬಿಟ್ಟುಹೋದರು. ಲಿಫ್ಟು ಎಲ್ಲ ಅಂತಸ್ತಿನಲ್ಲೂ ನಿಲ್ಲದಂತೆ ಮಾಡಿದ್ದು ಉಳಿತಾಯದ ಹೆಸರಿನಲ್ಲಿ. 1998ರಲ್ಲಿ ಅಮೆರಿಕ ಫೇರ್‌ಕ್ಲಾತ್ ತಿದ್ದುಪಡಿಯ ಮೂಲಕ, ಪ್ರತಿ ವಸತಿ ಸಂಸ್ಥೆಯ ಮನೆಗಳ ಸಂಖ್ಯೆ 1999ರ ಅಕ್ಟೋಬರ್ 1ರಂದು ಇದ್ದದ್ದನ್ನು ಮೀರಬಾರದೆಂದು ಕಟ್ಟಳೆ ಮಾಡಿತು. ಕೊರತೆಯನ್ನು ಕಾನೂನಿನಲ್ಲೇ ಬರೆದಿಟ್ಟ ಉದಾಹರಣೆ ಇದಕ್ಕಿಂತ ಸ್ಪಷ್ಟವಾಗಿ ಸಿಗುವುದು ಕಷ್ಟ.

ಮನೆ ಕಟ್ಟುವ ಬದಲು ಬಾಡಿಗೆಗೆ ನೆರವು ಕೊಡಿ ಎನ್ನುವವರ ವಾದದಲ್ಲಿ ಹುರುಳಿದೆ: ಕುಟುಂಬಕ್ಕೆ ಬಡಾವಣೆಯ ಆಯ್ಕೆ ಸಿಗುತ್ತದೆ, ಬಡತನ ಒಂದೇ ಕಡೆ ಗುಡ್ಡೆಯಾಗುವುದಿಲ್ಲ. ಅಮೆರಿಕ 1974ರಿಂದ ಈ ದಾರಿ ಹಿಡಿದಿದೆ. ಆದರೂ ಕೇಂದ್ರದ ಬಾಡಿಗೆ ನೆರವಿಗೆ ಅರ್ಹವಾದ ನಾಲ್ಕು ಕುಟುಂಬಗಳಲ್ಲಿ ಸುಮಾರು ಒಂದಕ್ಕೆ ಮಾತ್ರ ಅದು ತಲುಪುತ್ತದೆ. ಮನೆಗಳೇ ಸಾಲದ ನಗರದಲ್ಲಿ ನೆರವಿನ ಹಣ ಬಾಡಿಗೆಯನ್ನು ಏರಿಸಿ ಮಾಲೀಕರ ಕಡೆ ಹರಿಯುವ ಸಂಭವವೂ ಇದೆ. ಪರವಾನಗಿಯ ಬಿಗಿ ಸಡಿಲಿಸಿದರೆ ಖಾಸಗಿಯವರೇ ಕಟ್ಟುತ್ತಾರೆ ಎಂಬುದನ್ನೂ ಒಪ್ಪೋಣ; ಆದರೆ ಎಲ್ಲಿ, ಎಷ್ಟು ಅಂತಸ್ತು ಕಟ್ಟಬಹುದೆಂದು ನಿರ್ಧರಿಸುವ ಅಧಿಕಾರ ಸರ್ಕಾರದ ಕೈಯಲ್ಲೇ ಇರುವಾಗ, ಕೊರತೆಗೂ ತನಗೂ ಸಂಬಂಧವಿಲ್ಲವೆಂದು ಅದು ಹೇಳಲು ಬರುವುದಿಲ್ಲ.

ಕೊನೆಯದಾಗಿ ದೂರು ವ್ಯವಸ್ಥೆ. ಈ ಸೇವೆಯಲ್ಲಿ ದೂರಿನ ಪೆಟ್ಟಿಗೆಯೆಂದರೆ ಮತಪೆಟ್ಟಿಗೆ. ಸ್ವಂತ ಮನೆಯವರೇ ಬಹುಸಂಖ್ಯಾತರಾಗಿರುವ ಕಡೆ ಕೊರತೆಯಿಂದ ಅವರ ಆಸ್ತಿಯ ಬೆಲೆ ಏರುತ್ತದೆ, ಪಕ್ಕದ ಖಾಲಿ ಜಾಗದಲ್ಲಿ ಸರ್ಕಾರಿ ವಸತಿ ಬರುತ್ತದೆಂದರೆ ಮೊದಲ ಆಕ್ಷೇಪಣೆಯ ಅರ್ಜಿ ಅವರದೇ ಆಗಿರುತ್ತದೆ. ಸರತಿಯಲ್ಲಿ ನಿಂತವರಾದರೋ ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಅಲೆಯುತ್ತ ಮತದಾರರ ಪಟ್ಟಿಯಲ್ಲೂ ನೆಲೆ ನಿಲ್ಲುವುದಿಲ್ಲ. ಆದ್ದರಿಂದ ಯಾವುದೇ ಪಕ್ಷ ಇಂತಿಷ್ಟು ಲಕ್ಷ ಮನೆ ಎಂದಾಗ ಕೇಳಬೇಕಾದ ಪ್ರಶ್ನೆಗಳು ಬೇರೆ: ಅವುಗಳಲ್ಲಿ ಎಷ್ಟು ಸಾರ್ವಜನಿಕ ಒಡೆತನದಲ್ಲಿ ಉಳಿಯುತ್ತವೆ, ಈ ಅವಧಿಯಲ್ಲಿ ಮಾರುವ ಮತ್ತು ಕೆಡವುವ ಮನೆಗಳೆಷ್ಟು, ಇಪ್ಪತ್ತನೆಯ ವರ್ಷ ಲಿಫ್ಟು ಕೆಟ್ಟಾಗ ದುರಸ್ತಿಯ ಹಣ ಯಾವ ಲೆಕ್ಕಶೀರ್ಷಿಕೆಯಿಂದ ಬರುತ್ತದೆ.